ಕರೆಯುವ ನುಡಿಯೂ ಭಾಷಾಂತರದ ಧರ್ಮವೂ

ಶಾಸ್ತ್ರಗ್ರಂಥವನ್ನು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ತರುವದು ಕಷ್ಟವೆಂದು ಎಲ್ಲರೂ ಬಲ್ಲರು. ಕಾವ್ಯವನ್ನು ತರುವದು ಅದಕ್ಕಿಂತಲೂ ಕಷ್ಟವೆಂದು ರಸಿಕರು ಹೇಳುವರು. ಆದರೆ ಸಂತೆಯಲ್ಲಿ ಒಬ್ಬನು ಇನ್ನೊಬ್ಬನನ್ನು ಕೂಗಿ ಕರೆಯುವ ಸಲಿಗೆಯ ಮಾತನ್ನು ಪರಭಾಷೆಗೆ ತರುವದು ಇವೆರಡಕ್ಕಿಂತಲೂ ಕಠಿಣವಾದ ಕೆಲಸವೆಂಬದನ್ನು ಮನಗಂಡವರು ವಿರಳ. 'ಘಟ' ಎಂಬುದಕ್ಕೆ 'ಗಡಿಗೆ' ಎಂದು ಬರೆದರೆ ಕೆಲಸವು ತೀರಿತು. ತನ್ನನ್ನು ಏನೆಂದು ಕರೆದರೂ ಗಡಿಗೆಗೆ ಸುಖವೂ ಇಲ್ಲ, ದುಃಖವೂ ಇಲ್ಲ. ಮನುಷ್ಯನ ವಿಷಯವು ಹಾಗಲ್ಲ. ಅವನನ್ನು ಸೂಚಿಸುವ ಮಾತು ಅವನನ್ನು ಸೋಂಕುತ್ತದೆ. ಎತ್ತುತ್ತದೆ, ಇಲ್ಲವೆ ಕೆಡವುತ್ತದೆ. ಆದುದರಿಂದ ಇಂಥ ಮಾತುಗಳ ಭಾಷಾಂತರವು ಕೇವಲ ಕೋಶದ ಪ್ರಶ್ನೆಯೋ, ಅಥವಾ ಧರ್ಮದ ಪ್ರಶ್ನೆಯೋ ಎಂಬದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲು ವಿಷಯವನ್ನು ತಿಳಿಯೋಣ. ಇಂಗ್ಲಿಷಿನಲ್ಲಿ 'ಗೈ', 'ಫೆಲೋ', 'ಚ್ಯಾಪ್', 'ಡ್ಯೂಡ್' ಮೊದಲಾದ ಮಾತುಗಳುಂಟು. ಕೋಶವನ್ನು ತೆರೆದರೆ ಎಲ್ಲಕ್ಕೂ 'ಮನುಷ್ಯ', 'ವ್ಯಕ್ತಿ' ಎಂಬ ಅರ್ಥವೇ ದೊರೆಯುವದು. ಆದರೆ ಪ್ರತಿಯೊಂದಕ್ಕೂ ಅದರದೇ ಆದ ಚರಿತ್ರೆಯಿದೆ. 1605ನೆಯ ಇಸವಿಯಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ಮದ್ದಿನಿಂದ ಹಾರಿಸಲೆತ್ನಿಸಿ ಸಿಕ್ಕಿಬಿದ್ದ ಗೈ ಫಾಕ್ಸ್ ಎಂಬವನ ಬೊಂಬೆಯನ್ನು ಪ್ರತಿವರ್ಷ ನವೆಂಬರ 5ರಂದು ಸುಡುವ ವಾಡಿಕೆಯಾಯಿತು. ಆ ಬೊಂಬೆಯ ಹೆಸರು ಮೊದಲು ವಿಕಾರವಾಗಿ ಉಟ್ಟುತೊಟ್ಟವನಿಗೆ ಹತ್ತಿತು. ಅಮೆರಿಕೆಗೆ ಹೋದ ಮೇಲೆ ಯಾವನಾದರೊಬ್ಬ ಮನುಷ್ಯನಿಗೆ ಸಂದಿತು. 'ಫೆಲೋ' ಎಂಬುದು ಉತ್ತರ ದೇಶದ ಪ್ರಾಚೀನ ನಾರ್ಸ್ ಭಾಷೆಯಿಂದ ಬಂದದ್ದು. ಹಣವನ್ನು ಕೂಡಿ ಹಾಕಿದ ಪಾಲುಗಾರನೆಂದು ಅದರ ಮೂಲಾರ್ಥ. ವಿದ್ಯಾಪೀಠಗಳಲ್ಲಿ ಇಂದಿಗೂ ಅದೊಂದು ಗೌರವದ ಪದವಿ. ಆದರೆ 'ಆ ಫೆಲೋ' ಎಂದೊಡನೆ ಅದೇ ಮಾತು ತಿರಸ್ಕಾರವಾಗುವದು.

ಈ ಮಾತುಗಳನ್ನು ಸ್ಪ್ಯಾನಿಷ್ ಭಾಷೆಗೆ ತರಹೊರಟವನ ಪಾಡನ್ನು ನೋಡಿರಿ. ಆ ಭಾಷೆಯು ಒಂದೇ ಆದರೂ ಆಡುವ ನಾಡುಗಳು ಇಪ್ಪತ್ತರಷ್ಟಿವೆ. ಸ್ಪೇನಿನಲ್ಲಿ ಗೆಳೆಯನನ್ನು 'ತೀಯೋ' ಎನ್ನುವರು. ಶಬ್ದಾರ್ಥದಲ್ಲಿ ಕಾಕಾ ಅಥವಾ ಮಾಮಾ. ಅರ್ಜೆಂಟಿನಾದಲ್ಲಿ 'ಚೆ' ಎಂದು ಕೂಗುವರು. ಕ್ಯೂಬಾದ ಕ್ರಾಂತಿಯ ಗುವೆರಾನಿಗೆ ಆ ಕೂಗೇ ಅಡ್ಡಹೆಸರಾಯಿತು. ಮೆಕ್ಸಿಕೋದಲ್ಲಿ 'ಗ್ವೇಯ್' ಎನ್ನುವರು. ಅದು 'ಬ್ವೇಯ್', ಎಂದರೆ ಎತ್ತು, ಎಂಬ ಮಾತಿನ ಬದಲಾದ ರೂಪ. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದನ್ನು ಕೇಳಿದೊಡನೆ 'ಗೌರ್ವಾಹೀಕಃ' ಎಂಬ ಉದಾಹರಣೆ ನೆನಪಾಗದೆ ಇರದು. ವಾಹೀಕ ದೇಶದವನನ್ನು ಎತ್ತೆಂದು ಕರೆದರೆ ಅಲ್ಲಿ ಎತ್ತಿನ ಜಾಡ್ಯಮಾಂದ್ಯಾದಿ ಗುಣಗಳು ಅವನಲ್ಲಿ ಲಕ್ಷಣೆಯಿಂದ ತೋರುವವೆಂದು ನಮ್ಮ ಶಾಸ್ತ್ರಕಾರರು ವಿವರಿಸಿದರು. ಮೆಕ್ಸಿಕೋದ ತರುಣರಲ್ಲಿ ಈ ಲಕ್ಷಣೆಯು ಸವೆದು ರೂಢಿಯಾಗಿದೆ; ಎತ್ತೂ ಇಲ್ಲ, ಜಾಡ್ಯವೂ ಇಲ್ಲ, ಉಳಿದದ್ದು ಸ್ನೇಹವೊಂದೇ. ನಮ್ಮಲ್ಲಿಯೋ ಎತ್ತಿನ ಹೆಸರೇ ಬಸವನಾಗಿ, ಬಸವಣ್ಣನಾಗಿ, ಕೈಮುಗಿದು ಹೇಳುವ ಹೆಸರಾಗಿದೆ. ಆದರೆ 'ಕೋಣ' ಎಂದರೆ ಜಗಳವು ಸಿದ್ಧ. ಪಶುವಿನ ಹೆಸರು ಮಾನವೋ ಅವಮಾನವೋ ಎಂಬದನ್ನು ಪಶುವು ನಿಶ್ಚಯಿಸುವದಿಲ್ಲ. ಆಡುವವನ ಮತ್ತು ಕೇಳುವವನ ನಡುವಿನ ಸಂಬಂಧವು ನಿಶ್ಚಯಿಸುವದು.

ಇಷ್ಟು ದೂರ ಹೋಗುವ ಅವಶ್ಯಕತೆಯಾದರೂ ಏನು? ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ಸಾಕು. ಈ ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದುದರಿಂದ ಕಚೇರಿಯ ಉರ್ದು ಮಾತುಗಳು ಹೊಲಮನೆಗಳ ವರೆಗೂ ಹರಿದು ಬಂದವು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದ ಮೇಲೆ ತೆಲುಗು ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವಬಂಗಾಲದಿಂದ ನಿರಾಶ್ರಿತರಾಗಿ ಬಂದವರಿಗೆ ಸಿಂಧನೂರಿನ ಸಮೀಪದಲ್ಲಿ ಪುನರ್ವಸತಿಯಾಯಿತು. ತಾಂಡಾಗಳಲ್ಲಿ ಲಂಬಾಣಿ ಭಾಷೆಯಿದೆ. ಹೀಗೆ ಐದು ಭಾಷೆಗಳು ಒಂದೇ ಬಾವಿಕಟ್ಟೆಯಲ್ಲಿ ಸೇರಿದಾಗ, ಕೋಶವಿಲ್ಲದೆಯೇ ನಿತ್ಯವೂ ಭಾಷಾಂತರವು ನಡೆಯುತ್ತಿರುವದು.

ನಮ್ಮವರ ಬಾಯಲ್ಲಿ 'ಆಸಾಮಿ' ಎಂಬ ಮಾತುಂಟು. ಇಂಗ್ಲಿಷಿನ 'ಗೈ' ಎಂಬುದಕ್ಕೆ ಇದಕ್ಕಿಂತ ಸಮೀಪದ ಮಾತು ನನಗೆ ತೋರದು. ಅರಬ್ಬಿಯಲ್ಲಿ ಅದಕ್ಕೆ 'ಹೆಸರುಗಳು' ಎಂದರ್ಥ. ಕಂದಾಯದ ಪಟ್ಟಿಯಲ್ಲಿ ಹೆಸರು ದಾಖಲಾದ ರೈತನು ಆಸಾಮಿಯಾದನು. ಕಡೆಗೆ 'ಭಾರಿ ಆಸಾಮಿ' ಎಂದು ಮೆಚ್ಚುಗೆಗೂ 'ಎಂಥ ಆಸಾಮಿಯಪ್ಪಾ' ಎಂದು ಬೇಸರಕ್ಕೂ ಒದಗಿತು. 'ಗಿರಾಕಿ'ಯು ಅಂಗಡಿಯಿಂದ ಹೊರಬಿದ್ದು ವಿಚಿತ್ರ ಸ್ವಭಾವದವನ ಹೆಸರಾಯಿತು. 'ಭೂಪ'ನು ರಾಜ್ಯವನ್ನು ಕಳೆದುಕೊಂಡು, ಹೇಳಿದ ಕೆಲಸವನ್ನು ಮರೆತು ಬಂದವನಾದನು. ಕಾದು ಕಾದು ಬೇಸತ್ತವನು 'ಪುಣ್ಯಾತ್ಮಾ, ಎಲ್ಲಿ ಹೋಗಿದ್ದಿ?' ಎಂದು ಕೇಳುವಾಗ ಆ ಪುಣ್ಯವು ಎಷ್ಟೆಂಬದು ಇಬ್ಬರಿಗೂ ಗೊತ್ತು. ಇನ್ನು 'ಲೇ' ಎಂಬ ಒಂದಕ್ಷರ. ನಮ್ಮ ಕಡೆಗೆ ಗೆಳೆಯನು ಗೆಳೆಯನನ್ನು ಅದರಿಂದ ಕರೆಯುವನು. ಮೈಸೂರು ಸೀಮೆಯಲ್ಲಿ ಗಂಡಸಿಗೆ 'ಲೋ' ಎಂದೂ ಹೆಂಗಸಿಗೆ 'ಲೇ' ಎಂದೂ ಹೇಳುವರು. ಕನ್ನಡದಿಂದ ಕನ್ನಡಕ್ಕೇ ಭಾಷಾಂತರವು ಬೇಕಾಗುವ ಸ್ಥಳವಿದು.

ಇಲ್ಲಿ ಪೂರ್ವಪಕ್ಷವು ಏಳುವದು. 'ಶಬ್ದಾರ್ಥಸಂಬಂಧವು ಸಂಕೇತಮಾತ್ರ. ಗೈ ಎಂದರೂ ಆಸಾಮಿಯೆಂದರೂ ಮನುಷ್ಯನೇ ಅರ್ಥ. ಭಾಷಾಂತರಕಾರನು ಅರ್ಥವನ್ನು ಕೊಟ್ಟರೆ ಅವನ ಋಣವು ತೀರಿತು. ಮಾತಿನ ಬಿಸಿತಂಪುಗಳ ಚಿಂತೆ ಅವನಿಗೇಕೆ?' ಇದು ಒಂದು ಪಕ್ಷ. ಇನ್ನೊಂದು ಪಕ್ಷದವರು, 'ಮೂಲದ ಮಾತನ್ನೇ ಹಾಗೆಯೇ ಇಡೋಣ. ಯಾರಿಗೂ ಅನ್ಯಾಯವಾಗದು' ಎನ್ನುವರು. ಎರಡೂ ಪಕ್ಷಗಳನ್ನು ಪರೀಕ್ಷಿಸುವದಕ್ಕೆ ಮಸ್ಕಿಯ ಬಂಡೆಗಿಂತ ಉತ್ತಮವಾದ ಒರೆಗಲ್ಲು ನಮಗೆ ಸಿಗದು.

1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನು ಚಿನ್ನವನ್ನು ಹುಡುಕುತ್ತ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡನು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ಅರಸನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿಂದಲೇ ತೋರುತ್ತಿದ್ದನು. 1837ರಲ್ಲಿ ಪ್ರಿನ್ಸೆಪ್ ಪಂಡಿತನು ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ, ಸಿಂಹಳದ ವಂಶಚರಿತ್ರೆಗಳ ಸಹಾಯದಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ನಿಶ್ಚಯಿಸಿದ್ದರು. ಮಸ್ಕಿಯ ಕಲ್ಲು ಬಿರುದಿನ ಪಕ್ಕದಲ್ಲಿಯೇ 'ಅಶೋಕ' ಎಂಬ ಹೆಸರನ್ನು ತೋರಿಸಿ ಆ ಊಹೆಗೆ ಮುದ್ರೆಯನ್ನೊತ್ತಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಉಡೇಗೋಳಗಳಲ್ಲಿಯೂ ಆ ಹೆಸರು ದೊರೆತರೂ ಮೊದಲನೆಯ ಸಾಕ್ಷಿಯೆಂಬ ಮಾನವು ಮಸ್ಕಿಯದೇ.

ಈಗ ಆ ಬಿರುದಿನ ಗತಿಯನ್ನು ನೋಡಿರಿ. ದೇವತೆಗಳಿಗೆ ಪ್ರಿಯನಾದವನು! ಅರಸನಿಗೆ ಇದಕ್ಕಿಂತ ಮಿಗಿಲಾದ ಮಾತುಂಟೇ? ಸಿಂಹಳದ ತಿಸ್ಸ ಮಹಾರಾಜನೂ ಇದನ್ನು ಧರಿಸಿದನು. ಆದರೆ ವ್ಯಾಕರಣದ ಅಲುಕ್‍ಸಮಾಸ ಪ್ರಕರಣವನ್ನು ಓದಿದವರಿಗೆ ಇದರ ಉತ್ತರಚರಿತ್ರೆಯೂ ತಿಳಿದಿದೆ. ನಿಂದೆಯು ತೋರುವಲ್ಲಿ ಸಮಾಸದೊಳಗೂ ಷಷ್ಠಿಯ ಪ್ರತ್ಯಯವು ಲೋಪವಾಗದೆ ನಿಲ್ಲುವದೆಂದು ಪಾಣಿನಿಯು ವಿಧಿಸಿದನು. ಆ ಸೂತ್ರದ ಮೇಲಿನ ವಾರ್ತಿಕದಲ್ಲಿ ದೇವಾನಾಂಪ್ರಿಯ ಎಂಬ ಪ್ರಯೋಗವೂ ಸೇರಿತು. ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತರು ಸಿದ್ಧಾಂತಕೌಮುದಿಯಲ್ಲಿ ಅದಕ್ಕೆ ಮೂರ್ಖನೆಂಬ ಅರ್ಥವನ್ನೇ ಸ್ಪಷ್ಟಪಡಿಸಿದರು. ಚಕ್ರವರ್ತಿಯ ಬಿರುದು ದಡ್ಡನ ಹೆಸರಾಯಿತು. ಇದಕ್ಕೆ ಬೌದ್ಧದ್ವೇಷವೇ ಕಾರಣವೆಂದು ಕೆಲವರು, ಅತಿಯಾಗಿ ಬಳಸಿದ ಮರ್ಯಾದೆಯ ಮಾತು ತಾನಾಗಿ ಸವೆದು ವ್ಯಂಗ್ಯವಾಯಿತೆಂದು ಕೆಲವರು ಹೇಳುವರು. ನಮ್ಮ ಭೂಪ, ಪುಣ್ಯಾತ್ಮರನ್ನು ಬಲ್ಲವರಿಗೆ ಎರಡನೆಯದೇ ಹೆಚ್ಚು ಸಹಜವೆನಿಸುವದು. ಅದೇನೇ ಇರಲಿ, ಅರ್ಥವನ್ನು ಕೊಟ್ಟರೆ ಸಾಕೆಂಬ ಮೊದಲನೆಯ ಪಕ್ಷವು ಇಲ್ಲಿಯೇ ಕುಸಿಯಿತು. ಈ ಪದದ ಒಂದೊಂದು ಅವಯವದ ಅರ್ಥವೂ ಅಂದಿನಂತೆಯೇ ಇದೆ. ಆದರೆ ಪದವು ಮಾಡುವ ಕೆಲಸವು ತಲೆಕೆಳಗಾಗಿದೆ.

ಮಾತನ್ನು ಹಾಗೆಯೇ ಇಡೋಣವೆಂಬ ಎರಡನೆಯ ಪಕ್ಷಕ್ಕೂ ಅಶೋಕನ ಕಾಲದಲ್ಲಿಯೇ ದೃಷ್ಟಾಂತವುಂಟು. 1958ರಲ್ಲಿ ಅಫಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆದ ಅವನ ಶಾಸನವು ದೊರೆಯಿತು. ಅಲ್ಲಿಯ ಗ್ರೀಕ್ ಲೇಖಕನು 'ಪ್ರಿಯದರ್ಶಿ'ಯನ್ನು ಅನುವಾದಿಸದೆ 'ಪಿಯೊದಸ್ಸೆಸ್' ಎಂದು ಧ್ವನಿಯನ್ನಷ್ಟೇ ಉಳಿಸಿದನು, ದೇವಾನಾಂಪ್ರಿಯನನ್ನು ಬಿಟ್ಟೇಬಿಟ್ಟನು. 'ಧರ್ಮ'ಕ್ಕೆ ಮಾತ್ರ ತನ್ನ ಭಾಷೆಯ ಭಕ್ತಿವಾಚಕವಾದ 'ಯೂಸೆಬೆಯಾ' ಎಂಬ ಮಾತನ್ನು ಹುಡುಕಿದನು. ಅರಸನ ಹೆಸರಿಗೆ ಈ ಉಪಾಯವು ಸಲ್ಲುವದು, ಏಕೆಂದರೆ ಅರಸನು ಒಬ್ಬನೇ. ಆದರೆ ಸಲಿಗೆಯ ಮಾತಿಗೆ ಇದು ಸಲ್ಲದು. ಪರಭಾಷೆಯ ಕಿವಿಯಲ್ಲಿ ಅದೇ ಧ್ವನಿಯು ಬೇರೊಂದು ಮಾತಾಗಿ ಕುಳಿತಿದ್ದರೆ ಗತಿಯೇನು? ಬಂಗಾಲಿಯಲ್ಲಿ 'ದಾದಾ' ಎಂದರೆ ಅಣ್ಣ. ಸಿಂಧನೂರಿನ ಕ್ಯಾಂಪಿನ ಬಂಗಾಲಿ ಹುಡುಗನು ತನ್ನ ಅಣ್ಣನನ್ನು ಪ್ರೀತಿಗೌರವಗಳಿಂದ ಕರೆಯುವ ಮಾತದು. ಹಿಂದಿಯಲ್ಲಿ ಅದೇ ಮಾತಿಗೆ ಅಜ್ಜನೆಂದರ್ಥ. ನಮ್ಮ ಕನ್ನಡದ ಪೇಟೆಯಲ್ಲಿಯೋ 'ಅವನೊಬ್ಬ ದಾದಾ' ಎಂದರೆ ಪುಂಡನೆಂದೇ ತಿಳಿಯುವರು. ಆ ಹುಡುಗನ ಮಾತನ್ನು ಕನ್ನಡದಲ್ಲಿ ಬರೆಯುವವನು 'ದಾದಾ' ಎಂದೇ ಉಳಿಸಿದರೆ ಒಬ್ಬ ಮರ್ಯಾದಸ್ತನು ಪುಂಡನಾಗುವನು; 'ಅಣ್ಣ' ಎಂದು ಬರೆದರೆ ಅಣ್ಣನಾಗಿಯೇ ಉಳಿಯುವನು.

ಹಾಗಾದರೆ ಸರಿಯಾದ ಮಾತನ್ನು ಗೊತ್ತುಮಾಡುವವರಾರು? ಪಂಡಿತರೋ, ಕೋಶಕಾರರೋ? ಪತಂಜಲಿಯ ಮಹಾಭಾಷ್ಯದಲ್ಲಿ ಒಬ್ಬ ವೈಯಾಕರಣನಿಗೂ ಒಬ್ಬ ಸಾರಥಿಗೂ ನಡೆದ ಸಂವಾದವಿದೆ. ಈ ರಥವನ್ನು ನಡಿಸುವವನಾರೆಂದು ವೈಯಾಕರಣನು ಕೇಳುವಾಗ ಸಾರಥಿಗೆ ಒಂದು ಹೆಸರನ್ನು ಬಳಸಿದನು. ಸಾರಥಿಯು ತನ್ನವರಲ್ಲಿ ರೂಢವಾದ ಇನ್ನೊಂದು ಹೆಸರಿನಿಂದ, ಅವನು ನಾನೇ ಎಂದನು. ಅದು ಅಪಶಬ್ದವೆಂದು ವೈಯಾಕರಣನು ಆಕ್ಷೇಪಿಸಲು, ದೇವಾನಾಂಪ್ರಿಯರಾದ ತಾವು ನಿಯಮದ ಪ್ರಾಪ್ತಿಯನ್ನು ಬಲ್ಲಿರೇ ಹೊರತು ಲೋಕದ ಇಷ್ಟಿಯನ್ನು ಬಲ್ಲವರಲ್ಲವೆಂದು ಸಾರಥಿಯು ಉತ್ತರಿಸಿದನು. ಕೆರಳಿದ ಪಂಡಿತನು ಸೂತನೆಂಬ ಮಾತನ್ನೇ ಮುರಿದು ಒಂದು ಬೈಗಳನ್ನು ಕಟ್ಟಿದಾಗ, ಬೈಯಬೇಕಾದರೂ ಶುದ್ಧವಾಗಿ ಬೈಯಿರೆಂದು ಸಾರಥಿಯೇ ಅದನ್ನು ತಿದ್ದಿದನು. ಸಾರಥಿಯ ಬಾಯಲ್ಲಿ ದೇವಾನಾಂಪ್ರಿಯನೆಂಬುದು ಮರ್ಯಾದೆಯೋ ಚೇಷ್ಟೆಯೋ ಎಂಬದನ್ನು ಓದುವವರೇ ಊಹಿಸಲಿ. ನಮಗೆ ಬೇಕಾದುದು ಇಷ್ಟು: ಪ್ರಶ್ನೆಯಿದ್ದದ್ದು ಸಾರಥಿಯನ್ನು ಏನೆಂದು ಕರೆಯಬೇಕೆಂದು, ಅದನ್ನು ತೀರ್ಮಾನಿಸಿದವನು ಸಾರಥಿ. ವ್ಯಾಕರಣದ ಪರಮಗ್ರಂಥವೇ ವೈಯಾಕರಣನನ್ನು ಸೋಲಿಸಿ ಈ ನ್ಯಾಯವನ್ನು ನಮಗೆ ಕೊಟ್ಟಿದೆ. ಯಾವನನ್ನು ಕರೆಯುತ್ತೇವೋ ಅವನ ಕಿವಿಯೇ ಪ್ರಮಾಣ.

ಈ ನ್ಯಾಯವು ನಮ್ಮ ಕಾಲದಲ್ಲಿಯೂ ನಡೆದದ್ದನ್ನು ಕಂಡಿದ್ದೇವೆ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರನ್ನು ಗಾಂಧಿಯವರು 'ಹರಿಜನ'ರೆಂದು ಕರೆದರು; 1933ರಲ್ಲಿ ಅದೇ ಹೆಸರಿನ ಪತ್ರಿಕೆಯನ್ನೂ ಹೊರಡಿಸಿದರು. ಉದ್ದೇಶವು ಪವಿತ್ರವಾದದ್ದು, ದೇವಾನಾಂಪ್ರಿಯನಂತೆ ಹರಿಜನನೂ ದೇವರ ಸಂಬಂಧದಿಂದ ಮೇಲೇರಿದ ಮಾತು. ಆದರೆ ಯಾರನ್ನು ಹಾಗೆ ಕರೆದರೋ ಅವರಲ್ಲಿ ಅನೇಕರಿಗೆ ಅದರಲ್ಲಿ ಕರುಣೆಯು ಕೇಳಿಸಿತೇ ಹೊರತು ಸಮತೆಯು ಕೇಳಿಸಲಿಲ್ಲ. ಡಾಕ್ಟರ ಅಂಬೇಡಕರರು ಅದನ್ನೊಪ್ಪಲಿಲ್ಲ. ಮುಂದೆ 'ದಲಿತ'ರೆಂಬ ಹೆಸರನ್ನು ಅವರು ತಾವಾಗಿ ಎತ್ತಿಕೊಂಡರು; ಸರಕಾರದ ಕಾಗದಪತ್ರಗಳಲ್ಲಿ ಹಳೆಯ ಮಾತನ್ನು ಬಳಸಕೂಡದೆಂದು ಆಜ್ಞೆಗಳಾದವು. 'ದಲಿತ' ಎಂಬುದಕ್ಕೆ ತುಳಿಯಲ್ಪಟ್ಟವನೆಂಬ ಅರ್ಥವಿರುವಾಗ ಅದು 'ಹರಿಜನ'ಕ್ಕಿಂತ ಹೇಗೆ ಮೇಲೆಂದು ಕೋಶವನ್ನು ಹಿಡಿದು ಕೇಳುವವರಿದ್ದಾರೆ. ಸಾರಥಿಯ ಉತ್ತರವೇ ಅವರಿಗೆ ಉತ್ತರ.

ಇದು ಪಂಡಿತರ ವಿನೋದವೆಂದು ಯಾರೂ ಭಾವಿಸಕೂಡದು. ಇದರಲ್ಲಿ ಬಡವನ ಮಾನವೂ, ಒಮ್ಮೊಮ್ಮೆ ಅವನ ಸ್ವಾತಂತ್ರ್ಯವೂ ಅಡಗಿದೆ. ಶಾಂತಿಭಂಗವಾಗುವಂತೆ ಬೇಕೆಂದು ಅವಮಾನಿಸುವದು 1860ರ ದಂಡಸಂಹಿತೆಯ 504ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 352ನೆಯ ಕಲಮಿನಲ್ಲಿ ಆ ಅಪರಾಧವು ಮುಂದುವರಿದಿದೆ. ಇಂಥ ಮೊಕದ್ದಮೆಯಲ್ಲಿ ಸಾಕ್ಷಿದಾರನು ಕನ್ನಡದಲ್ಲಿ ನುಡಿದದ್ದು, ವ್ಯಾಜ್ಯವು ಮೇಲಕ್ಕೇರಿದಂತೆ ಇಂಗ್ಲಿಷಿಗೆ ತಿರುಗಬೇಕಾಗುವದು. 'ಬಾರಲೇ ಮಗನೆ' ಎಂದು ಗೆಳೆಯನು ಗೆಳೆಯನ ಹೆಗಲಿಗೆ ಕೈಹಾಕಿ ಹೇಳಿರಬಹುದು. ವೈರಿಯು ವೈರಿಗೆ ಹೇಳಿರಬಹುದು. ಸ್ವರವೊಂದು ಬಿಟ್ಟರೆ ಅಕ್ಷರಗಳು ಒಂದೇ. ಭಾಷಾಂತರಕಾರನು ಮೊದಲನೆಯದಕ್ಕೆ ಇಂಗ್ಲಿಷಿನ 'ರಾಸ್ಕಲ್' ಎಂದು ಬರೆದರೆ ಇಲ್ಲದ ಅಪರಾಧವು ಹುಟ್ಟುವದು. ಎರಡನೆಯದಕ್ಕೆ 'ಕಮ್, ಮೈ ಸನ್' ಎಂದು ಬರೆದರೆ ಇದ್ದ ಅಪರಾಧವು ಮಾಯವಾಗುವದು. ಪೆನ್ನಿನ ಒಂದು ಗೀರಿನಲ್ಲಿ ಮನುಷ್ಯನ ಹಣೆಬರಹವಿರುವದು.

ಇದಕ್ಕಿಂತ ಮೆಲ್ಲಗೆ, ಆದರೆ ದಿನದಿನವೂ ನಡೆಯುವ ಅನ್ಯಾಯವು ಇನ್ನೊಂದಿದೆ. ಇಂಗ್ಲಿಷಿನ 'ಹೀ' ಎಂಬ ಸರ್ವನಾಮಕ್ಕೆ ಮೇಲುಕೀಳಿಲ್ಲ. ಮಂತ್ರಿಗೂ ಅದೇ, ಹಮಾಲನಿಗೂ ಅದೇ. ಅದನ್ನು ಕನ್ನಡಕ್ಕೆ ತರುವಾಗ 'ಅವನು', 'ಅವರು' ಎಂಬುವುಗಳಲ್ಲಿ ಒಂದನ್ನು ಆರಿಸಲೇಬೇಕು. ಸಾಹುಕಾರರು 'ಹೇಳಿದರು', ಕೂಲಿಯವನು 'ಹೇಳಿದನು' ಎಂದು ನಮ್ಮ ಲೇಖನಿಗಳು ತಾವಾಗಿಯೇ ಬರೆಯುವವು. ಇಬ್ಬರ ವಯಸ್ಸೂ ಅರವತ್ತಿರಬಹುದು. ಮೂಲದಲ್ಲಿ ಇಲ್ಲದ ಆ ಅಂತರವು ಎಲ್ಲಿಂದ ಬಂತು? ಭಾಷೆಯು ಕೊಟ್ಟದ್ದು ಆಯ್ಕೆಯನ್ನು ಮಾತ್ರ. ಅಂತರವನ್ನು ತಂದವರು ನಾವು. ಭಾಷಾಂತರವು ಕನ್ನಡಿಯೆಂದು ಹೇಳುವರು. ಇಲ್ಲಿ ಆ ಕನ್ನಡಿಯಲ್ಲಿ ಕಾಣುವದು ಮೂಲದ ಮುಖವಲ್ಲ, ನಮ್ಮದೇ ಮುಖ.

ಸಮತೆಗೆ ದಾರಿಗಳು ಎರಡು. ಹದಿನೇಳನೆಯ ಶತಮಾನದ ಇಂಗ್ಲಂಡಿನಲ್ಲಿ ಕ್ವೇಕರ ಪಂಥದವರು, ಕಿರಿಯರಿಗೂ ಆಳುಗಳಿಗೂ ಸಲ್ಲುತ್ತಿದ್ದ 'ದೌ' ಎಂಬ ಏಕವಚನವನ್ನೇ ನ್ಯಾಯಾಧೀಶರಿಗೂ ಶ್ರೀಮಂತರಿಗೂ ಬಳಸಿ, ಅದಕ್ಕಾಗಿ ಬೈಗಳನ್ನೂ ಹೊಡೆತವನ್ನೂ ತಿಂದರು. ಎಲ್ಲರನ್ನೂ ಒಂದೇ ನೆಲಕ್ಕೆ ಇಳಿಸುವದು ಅವರ ದಾರಿ. ಅದಕ್ಕೆ ಐದು ನೂರು ವರ್ಷ ಮೊದಲು ಬಸವಣ್ಣನವರು ಗೌರವದ ಕರೆಯಲ್ಲಿ ಸ್ವರ್ಗವನ್ನೂ ತುಚ್ಛದ ಕರೆಯಲ್ಲಿ ನರಕವನ್ನೂ ಕಂಡು, ಕಾಯಕದವರೆಲ್ಲರನ್ನೂ ಅಯ್ಯನೆಂಬ ಮೆಟ್ಟಿಲಿಗೆ ಏರಿಸಿದರು. ನಮ್ಮ ಭಾಷೆಯ ಪ್ರಕೃತಿಗೆ ಒಗ್ಗುವದು ಈ ಎರಡನೆಯದು. ತರಕಾರಿ ಮಾರುವವಳನ್ನು ಅಕ್ಕನೆಂದೂ, ಬಂಡಿ ಹೊಡೆಯುವವನನ್ನು ಅಣ್ಣನೆಂದೂ, ಅಳುವ ಮಗುವನ್ನು 'ನಮ್ಮಪ್ಪಾ' ಎಂದೂ ಕರೆಯುವ ನಾಡಿನಲ್ಲಿ ಏರಿಸುವ ಮಾತಿಗೆ ಬಡತನವಿಲ್ಲ.

ಆದರೂ ಒಂದು ಎಚ್ಚರಿಕೆಯು ಅಗತ್ಯ. ಎಲ್ಲ ಸಲಿಗೆಯನ್ನೂ ಅಳಿಸಿ ಎಲ್ಲೆಲ್ಲಿಯೂ 'ತಾವು', 'ಮಹಾಶಯ' ಎಂದು ಬರೆದರೆ ಅದೂ ಸುಳ್ಳೇ. ಹತ್ತಿರದ ಗೆಳೆಯನು ಒಂದು ದಿನ ಇದ್ದಕ್ಕಿದ್ದಂತೆ 'ತಾವು ಬರಬೇಕು' ಎಂದರೆ ಸ್ನೇಹವು ಮುರಿಯಿತೆಂದೇ ತಿಳಿಯುವೆವು. ಸ್ನೇಹದ 'ಲೇ'ಯನ್ನು ಸ್ನೇಹದ ಮಾತಿನಿಂದಲೇ ತರಬೇಕು. ಮೂಲದಲ್ಲಿ ತಿರಸ್ಕಾರವಿದ್ದರೆ ಅದನ್ನು ಮುಚ್ಚದೆ ತಿರಸ್ಕಾರವಾಗಿಯೇ ತೋರಿಸಬೇಕು. ಮೂಲವು ಮೌನವಾಗಿರುವಲ್ಲಿ ಮಾತ್ರ, ಆಯ್ಕೆಯು ನಮ್ಮದಾಗಿರುವಲ್ಲಿ, ಮನುಷ್ಯನನ್ನು ಮೇಲಿನ ಮೆಟ್ಟಿಲಲ್ಲಿ ಕೂಡಿಸಬೇಕು. ಮಾತಿನ ಅರ್ಥವನ್ನಲ್ಲ, ಇಬ್ಬರ ನಡುವಿನ ದೂರವನ್ನು ಅಳೆದು ತರುವದೇ ಈ ಭಾಷಾಂತರದ ಧರ್ಮವೆಂಬದು ಸಿದ್ಧಾಂತ.

ಮಸ್ಕಿಯ ಕಲ್ಲಿನಲ್ಲಿ ಇನ್ನೊಂದು ಮಾತಿದೆ. ಈ ಧರ್ಮವು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಎಣಿಸಬಾರದು, 'ಖುದಕ'ನಿಗೂ 'ಉಡಾಲಕ'ನಿಗೂ ಇದನ್ನು ತಿಳಿಸಬೇಕೆಂದು ಅರಸನು ಬರೆಯಿಸಿದ್ದಾನೆ. 'ಖುದಕ'ವು ಸಂಸ್ಕೃತದ 'ಕ್ಷುದ್ರಕ'ವೇ. ಕೋಶವನ್ನು ನಂಬಿದವನು ಇಲ್ಲಿ 'ಕ್ಷುದ್ರನು' ಎಂದು ಬರೆಯುವನು. ಇಂದಿನ ಕನ್ನಡದಲ್ಲಿ ಅದು ನೀಚನೆಂಬ ಬೈಗಳಾಗಿ ಕೇಳಿಸುವದು. ಬಡವನನ್ನು ಹತ್ತಿರಕ್ಕೆ ಕರೆಯಲೆಂದು ಕೊರೆಯಿಸಿದ ಮಾತು ಅವನನ್ನು ದೂಡುವ ಮಾತಾಗುವದು. 'ಸಣ್ಣವರು' ಎಂದು ಬರೆದರೆ ಸಾಕು, ಅರಸನ ಮನಸ್ಸು ಉಳಿಯುವದು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈ ಗುಡ್ಡದ ಕೆಳಗಿದ್ದ ಸಣ್ಣವರನ್ನೂ ಕರೆದು ಹೇಳಿರೆಂದು ಆಜ್ಞಾಪಿಸಿದವನ ಮಾತನ್ನು, ಅವರ ಮಕ್ಕಳ ಮಕ್ಕಳಿಗೆ ನೋವಾಗದಂತೆ ಓದಿ ಹೇಳುವದು ನಮ್ಮ ಪಾಲಿಗೆ ಬಂದ ಕೆಲಸ. ಇತ್ಯಲಂ.